ಸಸ್ಯಾಹಾರಿಗಳಿಗೂ ಎಲ್‌ಡಿಎಲ್ ಏರುವುದೇಕೆ?

ಪ್ರಶ್ನೆ: ಮೊಟ್ಟೆ, ಮಾಂಸ ಮುಟ್ಟದ ಮನೆಗಳಲ್ಲೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 160 ದಾಟುತ್ತಿದೆ. ಹೊಲದಲ್ಲಿ ದುಡಿದು ಮುದ್ದೆ ಉಣ್ಣುವವರಿಗೆ ಈ ಕಾಟ ಕಡಿಮೆ ಅಂತಾರೆ. ರಾಗಿಯ ಗುಣವಾ ಸರ್?

ಉತ್ತರ 1: ಕೊಲೆಸ್ಟ್ರಾಲ್ ಬಹುಪಾಲು ತಯಾರಾಗೋದು ದೇಹದಲ್ಲೇ. ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ಬೆಣ್ಣೆಯಲ್ಲಿ ಹೆಚ್ಚಿರುವ ಬಗೆ) ಹೆಚ್ಚಾದರೆ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ ತುಪ್ಪದಲ್ಲಿ ಅದು ಸುಮಾರು 9 ಗ್ರಾಂ. 2000 ಕ್ಯಾಲೊರಿ ಉಣ್ಣುವವರಿಗೆ ದಿನದ ಮಿತಿಯೇ 22 ಗ್ರಾಂ. ಬಿಸಿಬೇಳೆಬಾತಿಗೆ ಎರಡು ದೊಡ್ಡ ಚಮಚ ಸುರಿದರೆ ಲೆಕ್ಕ ಬಹುತೇಕ ಮುಗೀತು.

ಉತ್ತರ 2: ತುಪ್ಪ ಕೊಳ್ಳಲಾಗದವರೂ ಪಾರಲ್ಲ. ಅಗ್ಗದ ಪಾಮೋಲಿನ್ ಎಣ್ಣೆಯಲ್ಲೂ 40%ರಷ್ಟು ಅದೇ ಕೊಬ್ಬು. ಹೊಲದ ದುಡಿಮೆ ರಕ್ತದಲ್ಲಿನ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ತಗ್ಗಿಸುತ್ತದೆ. ಅದೇ ಊಟ ಉಂಡು ಕುರ್ಚಿಯಲ್ಲಿ ಕೂತರೆ ಏರುತ್ತದೆ. ರಾಗಿಗಿಂತ ಮುದ್ದೆ ಜತೆಗಿನ ಹುರುಳಿ, ಸೊಪ್ಪಿನ ಸಾರಿಗೇ ನಾನು ಹೆಚ್ಚು ಅಂಕ ಕೊಡ್ತೀನಿ.

ಉತ್ತರ 3: ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಕೂಡ ನೋಡಿಸಿ, ಥೈರಾಯ್ಡ್ ಮಂದವಾಗಿದ್ದರೆ ಪಥ್ಯ ಒಂದರಿಂದಲೇ ಎಲ್‌ಡಿಎಲ್ ಇಳಿಯೋದು ಕಷ್ಟ. ಟ್ರೈಗ್ಲಿಸರೈಡ್ 400 ದಾಟಿದ್ದರೆ ಲೆಕ್ಕ ಹಾಕಿ ಕೊಟ್ಟ ಎಲ್‌ಡಿಎಲ್ ನಂಬಬೇಡಿ, ನೇರ ಪರೀಕ್ಷೆ ಮಾಡಿಸಿ.