ಪದ ಬೇಕು (ತುರ್ತು): ‘ನಿಯರ್ ಇನ್‌ಫ್ರಾರೆಡ್ ಮೆಟಲ್ ಏಜೆಂಟ್’

ಹಾಸನದಿಂದ:
ಕಾಲೇಜಿನ ವಿಜ್ಞಾನ ಪ್ರದರ್ಶನದ ಫಲಕಕ್ಕೆ ಪದ ಬೇಕು. ಫ್ಲೆಕ್ಸ್ ಅಂಗಡಿಯವರು ಸಂಜೆಯೊಳಗೆ ಬರಹ ಕೇಳಿದ್ದಾರೆ. ವಿಷಯ ಇಷ್ಟು: ಸುಮಾರು 700ರಿಂದ 900 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು (ಕೆಂಪಿನ ಪಕ್ಕದ್ದು, ಇಂಗ್ಲಿಷಿನಲ್ಲಿ ನಿಯರ್ ಇನ್‌ಫ್ರಾರೆಡ್) ರಕ್ತವೂ ನೀರೂ ಹೆಚ್ಚು ಹೀರುವುದಿಲ್ಲ, ಹಾಗಾಗಿ ಅದು ಮೈಯೊಳಕ್ಕೆ ಇಳಿಯುತ್ತದೆ. ಚಿನ್ನದ ನ್ಯಾನೊಕಡ್ಡಿಗಳು ಅದನ್ನು ಹೀರಿ, ಕಾದು, ಕ್ಯಾನ್ಸರ್ ಗಡ್ಡೆಯನ್ನು ಸುಡುತ್ತವೆ. ಇಟರ್ಬಿಯಂ ಎಂಬ ಲೋಹದ ಸಂಯುಕ್ತಗಳು 980ರ ಆಸುಪಾಸಿನಲ್ಲಿ ಹೊಳೆದು ಒಳಗಿನ ಚಿತ್ರ ಕೊಡುತ್ತವೆ. ಎರಡಕ್ಕೂ ಸೇರಿ ‘ಸಮೀಪ ಅವಕೆಂಪು ಲೋಹಕಾರಕ’ ಎಂದು ಬರೆದುಕೊಂಡಿದ್ದೇನೆ. ನಡೆಯುತ್ತದೆಯೇ?

ಚಿಕ್ಕಮಗಳೂರಿನಿಂದ:
ನಡೆಯುವುದಿಲ್ಲ. ‘ಅವಕೆಂಪು’ ಅಪ್ಪಟ ಅರಿಸಮಾಸ, ಸಂಸ್ಕೃತದ ‘ಅವ’ಕ್ಕೆ ಕನ್ನಡದ ‘ಕೆಂಪು’ ಬೆಸೆದದ್ದು. ಬಿರುದಾವಳಿಗೆ ವಿನಾಯಿತಿ ಕೊಟ್ಟ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಫ್ಲೆಕ್ಸಿಗೆ ಕೊಟ್ಟಿಲ್ಲ. ಕನ್ನಡದ ಕಿವಿಗೆ ‘ಅವ’ ಎಂದರೆ ಅವಗುಣ, ಅವಲಕ್ಷಣ. ‘ಕೆಂಪಿನಾಚೆ’ ಎನ್ನಿ, ಜೋಡಿಯಾದ ಅಲ್ಟ್ರಾವಯಲೆಟ್‌ಗೆ ‘ನೇರಳೆಯಾಚೆ’ ತಾನಾಗಿ ಒದಗುತ್ತದೆ. 1800ರಲ್ಲಿ ಖಗೋಳಜ್ಞ ಹರ್ಷೆಲ್ ಪಟ್ಟಕದ ಬಣ್ಣಗಳನ್ನು ಅಳೆದಾಗ ಕಾವು ಹೆಚ್ಚು ಕಂಡದ್ದು ಕೆಂಪಿನ ಆಚೆಗೆ, ಕೆಳಗಲ್ಲ. ‘ಕಾರಕ’ದ ಜಾಗದಲ್ಲಿ ‘ಮದ್ದು’ ಸಾಕು.

ಸಕಲೇಶಪುರದಿಂದ:
ಮೇಷ್ಟ್ರೇ, ‘ಅವ’ ಎಂದರೆ ಕೆಳಗೆ: ಅವತರಣ, ಅವರೋಹಣ. ಲ್ಯಾಟಿನ್ನಿನ ‘ಇನ್‌ಫ್ರಾ’ ಕೂಡ ಅದೇ. ಕಂಪನಾಂಕ ಕೆಂಪಿಗಿಂತ ಕಡಿಮೆ. ಮಕ್ಕಳ ಬಾಯಲ್ಲಿ ಕೂತ ಪದವನ್ನು ಎಬ್ಬಿಸಬೇಡಿ. ಮದ್ದಂತೂ ಬೇಡವೇ ಬೇಡ. ನಮ್ಮ ಕಡೆ ಕೈಮದ್ದು ಎಂದರೆ ಊಟದಲ್ಲಿ ಬೆರೆಸಿ ಇಕ್ಕುವುದು. ‘ಲೋಹದ ಮದ್ದು’ ಕಂಡ ಅಜ್ಜಿಯರು ಮೊಮ್ಮಕ್ಕಳನ್ನು ಫಲಕದ ಹತ್ತಿರ ಬಿಡಲಾರರು. ನಿಜವಾಗಿ ತಿದ್ದಬೇಕಾದದ್ದು ‘ಕಾರಕ’. ರೋಗಕಾರಕ, ಕ್ಯಾನ್ಸರ್‌ಕಾರಕ ಓದಿ ಪಳಗಿದ ಕಣ್ಣು ಚಿಕಿತ್ಸೆಯ ಫಲಕದಲ್ಲಿ ಅದನ್ನು ಕಂಡರೆ ಬೆಚ್ಚುತ್ತದೆ. ‘ಲೋಹದ್ರವ್ಯ’ ಆಗಬಹುದು.

ಚಿಕ್ಕಮಗಳೂರಿನಿಂದ:
ದ್ರವ್ಯ! ಮತ್ತೆ ಸಂಸ್ಕೃತದ ಬಾಗಿಲಿಗೇ. ಕನ್ನಡಕ್ಕೆ ಸ್ವಂತ ಮನೆಯೇ ಇಲ್ಲವೇ?

ಬೇಲೂರಿನಿಂದ:
ಹಲ್ಮಿಡಿ ನಮ್ಮ ತಾಲ್ಲೂಕಿನದು. ಆ ಶಾಸನ ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಮೂಲ ಕಲ್ಲು ಮೈಸೂರಿನಲ್ಲಿದೆ, ತಿದ್ದುವವರು ಅಲ್ಲಿಗೇ ಹೋಗಬೇಕು. ಅಂದ ಹಾಗೆ, ಸ್ಕ್ಯಾನಿಂಗ್ ಕೋಣೆಯಲ್ಲಿ ಮೈಯೊಳಕ್ಕೆ ಹಾಕುವ ದ್ರವ್ಯಕ್ಕೆ ಎಲ್ಲರೂ ಹೇಳುವುದು ‘ಡೈ’, ಅಂದರೆ ಬಣ್ಣ. ಅದನ್ನೇ ಬರೆಯಿರಿ.

ಹಾಸನದಿಂದ:
‘ಡೈ’ ಎಂದರೆ ಚಿನ್ನದ ಕಡ್ಡಿ ಹೊರಗುಳಿಯುತ್ತದೆ, ಅದು ಬಣ್ಣವಲ್ಲ. ‘ಅವಕೆಂಪು ಬೆಳಕಿಗೆ ಸ್ಪಂದಿಸುವ ಲೋಹದ್ರವ್ಯಗಳು’ ಎಂದು ಕಳುಹಿಸಿಬಿಟ್ಟೆ. ‘ಸಮೀಪ’ ಕೈಬಿಟ್ಟಿದ್ದೇನೆ, ಯಾವುದಕ್ಕೆ ಸಮೀಪ ಎಂದು ಯಾರಿಗೂ ತಿಳಿಯುವುದಿಲ್ಲ, ಆ ಕೆಲಸವನ್ನು ಕೆಳಗಿನ ಅಂಕಿಗಳು ಮಾಡುತ್ತವೆ. ಎಲ್ಲರಿಗೂ ವಂದನೆಗಳು.

ಚಿಕ್ಕಮಗಳೂರಿನಿಂದ:
‘ಸ್ಪಂದಿಸುವ’! ‘ಮಿಡಿಯುವ’ ಎನ್ನಲು ಏನಾಗಿತ್ತು?