ಪದಚರ್ಚೆ: 'ಸೈಟಿಂಗ್' ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಚಳಿ ಶುರುವಾಗ್ತಿದ್ದಂಗೆ ಹಕ್ಕಿ ನೋಡೋರ ವಾಟ್ಸಾಪ್ ಗುಂಪುಗಳಿಗೆಲ್ಲ ಜೀವ ಬರುತ್ತೆ, ಬೆಳಗಾದ್ರೆ ಸಾಕು ಯಾರಿಗೆ ಎಲ್ಲಿ ಏನು ಕಂಡ್ತು ಅಂತ ಮೆಸೇಜು, ಫೋಟೋ ಬರ್ತಾನೇ ಇರ್ತವೆ, ಆದ್ರೆ ಅಪ್ಪಟ ಕನ್ನಡದಲ್ಲಿ ಬರೆಯೋರೂ ಸಹ ಆ ಒಂದು ಜಾಗಕ್ಕೆ ಬಂದಾಗ 'ಸೈಟಿಂಗ್ ಆಯ್ತು' ಅಂತಲೇ ಬರೀತಾರೆ. 'ಕಂದು ಕಳಿಂಗ ಸೈಟಿಂಗ್ ಆಯ್ತು ಸಾರ್, ಹೋದ್ವರ್ಷದ್ದೇ ಬೇಲಿ, ಅದೇ ಗೂಟ.' ಈ ಸಲ ನವೆಂಬರ್-ಡಿಸೆಂಬರಿನಲ್ಲಿ ಕಂಡ ಹಕ್ಕಿ-ಪ್ರಾಣಿಗಳ ಪಟ್ಟೀನ ಪೂರ್ತಿ ಕನ್ನಡದಲ್ಲೇ ಮಾಡೋಣ ಅಂತ ಕೆಲವರು ಕೂತಿದೀವಿ. ಹಕ್ಕಿ ಹೆಸರುಗಳದ್ದು ಅಂಥಾ ತೊಂದರೆ ಇಲ್ಲ, ಸಿಪಿಲೆ, ಕಳಿಂಗ, ಗೊರವ, ನವರಂಗ, ಸೂಜಿಬಾಲದ ಬಾತು ಎಲ್ಲ ಬಳಕೆಯಲ್ಲಿರೋವೇ. ಎಡವಿದ್ದು ತಲೆಬರಹದಲ್ಲಿ. 'ಸೈಟಿಂಗ್ಸ್' ಅನ್ನೋ ಕಡೆ ಏನು ಹಾಕೋದು?

'ದರ್ಶನ' ಅಂದ್ರು ಒಬ್ರು. ಸಫಾರಿಗೆ ಹೋಗಿ ಬಂದೋರು 'ಹುಲಿ ದರ್ಶನ ಆಯ್ತು' ಅಂತಾರಲ್ಲ, ಅದು ಅಲ್ಲಿಗೆ ಸರಿಯಾಗೇ ಇದೆ, ಟಿಕೆಟ್ ತಗೊಂಡು ಕ್ಯೂನಲ್ಲಿ ಕಾದು ಅರ್ಧ ನಿಮಿಷ ಕಂಡು ಧನ್ಯರಾಗಿ ಬರೋದು ದೇವಸ್ಥಾನದ ಲೆಕ್ಕಾನೇ ತಾನೆ. ಆದ್ರೆ ಕೆರೆ ಅಂಚಿನ ಕೆಸರಲ್ಲಿ ಬಾಲ ಕುಣಿಸ್ತಾ ಓಡಾಡೋ ಗೊರವಕ್ಕೆ 'ಗೊರವದ ದರ್ಶನವಾಯಿತು' ಅಂದ್ರೆ ನಗು ಬರುತ್ತೆ. 'ಪ್ರತ್ಯಕ್ಷ' ಅಂತೂ ಪತ್ರಿಕೆಯೋರು ಚಿರತೆಗೇ ಬರೆದುಕೊಟ್ಟುಬಿಟ್ಟಿದ್ದಾರೆ. ಗಮನಿಸಿ ನೋಡಿ, ಹೆಡ್ಡಿಂಗಿನಲ್ಲಿ ಚಿರತೆ ಬರೋದೂ ಇಲ್ಲ ಕಾಣೋದೂ ಇಲ್ಲ, ಪ್ರತ್ಯಕ್ಷವೇ ಆಗೋದು, ಹಿಂದೇನೇ 'ಗ್ರಾಮಸ್ಥರಲ್ಲಿ ಆತಂಕ'. ಪುರಾಣದಲ್ಲಿ ತಪಸ್ಸು ಮಾಡಿದೋರಿಗೆ ದೇವರು ಪ್ರತ್ಯಕ್ಷ ಆಗ್ತಿದ್ದ, ಈಗ ಏನೂ ಮಾಡದೋರ ಕೊಟ್ಟಿಗೆ ಹಿಂದೆ ಚಿರತೆ ಪ್ರತ್ಯಕ್ಷ. 'ವೀಕ್ಷಣೆ' ಅಂತ ಇನ್ನೊಬ್ರು. ಪಕ್ಷಿ ವೀಕ್ಷಣೆ ಅನ್ನೋದು ರೂಢಿಯಲ್ಲಿದೆ ನಿಜ, ಆದ್ರೆ ಅದು ನಾವು ಮಾಡೋ ಕೆಲಸ, ನಮಗೆ ಸಿಕ್ಕಿದ್ದಲ್ಲ.

ಇಲ್ಲೇ ನನಗೆ ವಿಷಯ ಇರೋದು ಅನ್ಸುತ್ತೆ. ನೋಡೋದು ಬೇರೆ, ಕಾಣೋದು ಬೇರೆ. ನೋಡೋದು ನನ್ನ ಕೈಲಿದೆ, ಕಾಣೋದು ಹಕ್ಕಿ ಕೈಲಿದೆ. 'ಎರಡು ಗಂಟೆ ನೋಡಿದೆ, ಏನೂ ಕಾಣ್ಲಿಲ್ಲ' ಅಂತ ನಾವು ಯೋಚನೇನೇ ಮಾಡದೆ ಹೇಳ್ತೀವಿ, ಯಾರೂ ತಿರುಗಾಮುರುಗಾ ಮಾಡಲ್ಲ. 'ನಾನು ನೋಡಿದೆ' ಆದ್ರೆ 'ನನಗೆ ಕಾಣಿಸ್ತು', ಆ 'ನನಗೆ'ಯಲ್ಲೇ ಎಲ್ಲ ಇದೆ. ಅಂದ್ಮೇಲೆ ಸೈಟಿಂಗ್ ಅನ್ನೋದು ಕಾಣು ಕಡೆಯ ಮಾತು, ನೋಡು ಕಡೆಯದ್ದಲ್ಲ. (ಕುಂದಾಪುರದ ಕಡೆಯೋರು 'ಕಾಣಿ' ಅಂದ್ರೆ ನೋಡಿ ಅಂತಲೇ ಅರ್ಥ, ಅವರಿಗೆ ನನ್ನ ಈ ವಾದ ಎಷ್ಟು ಒಪ್ಪಿಗೆ ಆಗುತ್ತೋ!) ನೋಡು ಅನ್ನೋದರಿಂದ 'ನೋಟ' ಸಲೀಸಾಗಿ ಬರುತ್ತೆ, ಓಡು-ಓಟ, ಆಡು-ಆಟ ಇದ್ದಂಗೆ. ಕಾಣು ಇಂದ ಆಗಿದ್ದ ನಾಮಪದಗಳು ಮಾತ್ರ ಆಗಲೇ ಬೇರೆಯೋರ ಪಾಲಾಗಿವೆ, 'ಕಾಣಿಕೆ' ಹುಂಡಿಗೆ ಹೋಯ್ತು, 'ಕಾಣ್ಕೆ' ಸಾಹಿತ್ಯ ವಿಮರ್ಶಕರ ಮನೆ ಸೇರ್ತು. 'ಈ ವಾರದ ಕಾಣ್ಕೆಗಳು' ಅಂತ ಹಾಕಿ ಕೆಳಗೆ ಎರಡು ಸಿಪಿಲೆ, ಒಂದು ಮುಂಗುಸಿ ಅಂತ ಬರೆದ್ರೆ ಚೆನ್ನಾಗಿರಲ್ಲ.

ಇನ್ನೊಂದು ತೊಡಕು, ಚಳಿಗಾಲದ ಪಟ್ಟಿಯಲ್ಲಿ ಅರ್ಧ ಕಣ್ಣಿಗೆ ಬಿದ್ದವೇ ಅಲ್ಲ. ಉಲಿಯಕ್ಕಿಗಳನ್ನೇ ತಗೊಳ್ಳಿ, ಹೆಸರಲ್ಲೇ ಉಲಿ ಇದೆ, ಎಲೆ ಮರೆಯಲ್ಲಿ ಕೂತು ಚೆಕ್ ಚೆಕ್ ಅಂತಿರ್ತವೆ, ಕತ್ತು ನೋವು ಬರೋವರೆಗೂ ತಲೆ ಎತ್ತಿದ್ರೂ ಕಾಣೋದು ಅಲ್ಲಾಡೋ ಎಲೆ ಮಾತ್ರ. ನವರಂಗ ಇನ್ನೂ ಸತಾಯಿಸುತ್ತೆ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ ಮಳೆ ಮುಗಿಯೋ ಹೊತ್ತಿಗೆ ದಕ್ಷಿಣಕ್ಕೆ ಬರೋ ಹಕ್ಕಿ, ಮೈಮೇಲೆ ಅಷ್ಟೊಂದು ಬಣ್ಣ ಇದ್ರೂ ನೆಲದಲ್ಲಿ ತರಗೆಲೆ ಮೊಗಚಿ ಹುಳ ಹುಡುಕೋದ್ರಿಂದ ಪೊದೆ ಬುಡದಲ್ಲಿ ಗೊತ್ತೇ ಆಗಲ್ಲ, ಬೆಳಗಿನ ಜಾವ ಮತ್ತೆ ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕಿದಾಗಲೇ 'ಓ ಬಂದಿದೆ' ಅಂತ ತಿಳಿಯೋದು. ಹಕ್ಕಿ ನೋಡೋರು ಕಂಡಿದ್ದನ್ನ ದಾಖಲಿಸೋ ಇ-ಬರ್ಡ್ ಜಾಲತಾಣದಲ್ಲಿ ದನಿ ಗುರುತು ಹಿಡಿದ್ರೂ ಲೆಕ್ಕಕ್ಕೆ ಬರುತ್ತೆ, ಹಂಗಿದ್ಮೇಲೆ ನಮ್ಮ ಪಟ್ಟಿಗೆ ಬರೀ ಕಣ್ಣಿನ ಪದ ಇಟ್ರೆ ಸಾಲಲ್ಲ. ಪ್ರಾಣಿಗಳದ್ದು ಅದಕ್ಕಿಂತ ಅತ್ತ, ನೀರುನಾಯಿ ಕಾಣೋದು ಅಪರೂಪ, ಸಿಗೋದು ಮರಳ ಮೇಲಿನ ಹೆಜ್ಜೆ, ಬಂಡೆ ಮೇಲೆ ಮೀನಿನ ಮುಳ್ಳು-ಪೊರೆ ತುಂಬಿದ ಲದ್ದಿ (ಲದ್ದಿ ಅನ್ನಬೇಕೋ ಹಿಕ್ಕೆ ಅನ್ನಬೇಕೋ ಅದು ಇನ್ನೊಂದು ದಿನದ ಜಗಳ). ಇದಕ್ಕೆ ಮಾತ್ರ ಕನ್ನಡದಲ್ಲಿ ಒಳ್ಳೇ ಪದ ಇದೆ, 'ಸುಳಿವು'. ಕಂಡಿಲ್ಲ, ಆದ್ರೆ ಇಲ್ಲಿ ಸುಳಿದಾಡಿದೆ ಅನ್ನೋದು ಒಂದೇ ಮಾತಲ್ಲಿ ಬಂತು.

ಹಂಗೆ ನೋಡಿದ್ರೆ ಕನ್ನಡ ಮಾತಾಡೋರು ಇದಕ್ಕೆ ಒಂದು ನಾಮಪದ ಹುಡುಕಿದೋರೇ ಅಲ್ಲ, ಕ್ರಿಯಾಪದದಲ್ಲೇ ಮುಗಿಸ್ತಾರೆ, ಅದೂ ಒಂದೊಂದಕ್ಕೆ ಒಂದೊಂದು. ಗದ್ದೆಗೆ ಹಂದಿ 'ಬೀಳುತ್ತೆ', ತೋಟಕ್ಕೆ ಆನೆ 'ಬೀಳುತ್ತೆ' ಅಥವಾ 'ನುಗ್ಗುತ್ತೆ', ಕೆರೆಗೆ ಬಾತು 'ಇಳಿಯುತ್ತೆ'. ಗದಗ ಜಿಲ್ಲೆಯ ಮಾಗಡಿ ಕೆರೆಗೆ (ಬೆಂಗಳೂರು ಪಕ್ಕದ ಮಾಗಡಿ ಅಲ್ಲ) ಪಟ್ಟೆತಲೆ ಹೆಬ್ಬಾತು ಬರೋದನ್ನೇ ನೋಡಿ, ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದು ಹೊಲದಲ್ಲಿ ಮೇದು ನೀರಲ್ಲಿ ತೇಲ್ತಾ ಕೂತಿರೋ ಹಿಂಡಿಗೆ 'ಹೆಬ್ಬಾತು ಇಳದಾವ' ಅನ್ನೋದಕ್ಕಿಂತ ಸರಿಯಾದ ಮಾತು ಬೇಕಾ? ಆ ಕೆರೆ 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಜೊತೆ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದಾಗ ಸುದ್ದಿಗಳಲ್ಲಿ 'ವಿದೇಶಿ ಹಕ್ಕಿಗಳ ಕಲರವ' ಅಂತ ಇತ್ತು, ಆ ವಿದೇಶಿ ಅನ್ನೋದೂ ನನಗೆ ಕಿರಿಕಿರಿ, ಯಾಕಂದ್ರೆ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗೂ ಅದನ್ನೇ ಅಂಟಿಸಿ 'ಸೈಬೀರಿಯಾದಿಂದ ಸಂತಾನಕ್ಕೆ ಬಂದಿವೆ' ಅಂತಾರೆ. ಅವು ಈ ನೆಲದವೇ, ಗೂಡು ಕಟ್ಟೋದೂ ಇಲ್ಲೇ. ದೂರದಿಂದ ಬರೋ ಬಾತು, ಗೊರವ ಬರೋದು ಹೊಟ್ಟೆಪಾಡಿಗೆ, ಮರಿ ಮಾಡೋದು ವಾಪಸ್ ಹೋಗಿ. ಎರಡಕ್ಕೂ ಒಂದೇ ಪದ ಹಾಕಿದ್ರೆ ಓದೋರಿಗೆ ತಪ್ಪೇ ತಿಳಿಯೋದು.

'ಚಳಿಗಾಲದ ಅತಿಥಿ' ಅನ್ನೋದು ಮುದ್ದಾಗಿದೆ, ಆದ್ರೆ ಬೂದು ಸಿಪಿಲೆ ಆಗಸ್ಟ್-ಸೆಪ್ಟೆಂಬರಿಗೆ ಮಳೇಲೇ ಬಂದಿರುತ್ತೆ, ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಕಳೆಯೋದು ಎಂಥಾ ಅತಿಥಿ? ನಿಲ್ಲದೆ ಹಾದು ಹೋಗೋವಕ್ಕೆ, ನವೆಂಬರಿನಲ್ಲಿ ಆಫ್ರಿಕಾ ಕಡೆ ಹೊರಟ ಅಮೂರ್ ಚಾಣದಂಥವಕ್ಕೆ (ಅಮೂರ್ ಫಾಲ್ಕನ್), ನಾನು 'ದಾರಿಹೋಕ' ಅಂತ ಹಾಕಿದೀನಿ, ಇದನ್ನ ಬಿಟ್ಟುಕೊಡೋ ಮನಸ್ಸಿಲ್ಲ.

ಸದ್ಯಕ್ಕೆ ತಲೆಬರಹ 'ಕಂಡದ್ದು, ಕೇಳಿದ್ದು, ಸುಳಿವು' ಅಂತ ಮೂರು ಕಾಲಂ ಮಾಡಿ ಇಟ್ಟಿದೀವಿ. ಗುಂಪಲ್ಲಿ ಒಬ್ರು 'ಕಂಡದ್ದು ಕೇಳಿದ್ದು' ಅಂದ್ರೆ ಊರ ಚಾಡಿ ಥರ ಇದೆ ಅಂತ ತಕರಾರು ತೆಗೆದಿದ್ದಾರೆ, ನನಗೇನೋ ಅದೇ ಇಷ್ಟ. ನಿಮ್ಮ ಹತ್ರ ಇದಕ್ಕಿಂತ ಒಳ್ಳೇದು ಇದ್ರೆ ಹೇಳಿ. ಅದಕ್ಕಿಂತ ಮುಖ್ಯವಾಗಿ ನಿಮ್ಮ ಕಡೆ ಹಕ್ಕಿ, ಪ್ರಾಣಿ ಬಂದದ್ದಕ್ಕೆ ಬಳಸೋ ಕ್ರಿಯಾಪದ ಯಾವುದು, ಯಾವ ಪ್ರಾಣಿಗೆ, ಅಂತ ಒಂದು ವಾಕ್ಯದ ಸಮೇತ ಬರೀರಿ, ಬರೀ ಪದ ಬೇಡ. 'ಬೀಳು' ಅನ್ನೋದನ್ನ ಹಕ್ಕಿಗೂ ಬಳಸೋ ಊರು ಇದೆಯಾ ಅಂತ ತಿಳ್ಕೊಬೇಕು. ಡಿಸೆಂಬರ್ ಕೊನೆಗೆ ಪಟ್ಟಿ ಹೊರಗೆ ಬರುತ್ತೆ, ಅಷ್ಟರೊಳಗೆ ಕಳಿಸಿದ್ರೆ ಅನುಕೂಲ.