ಪದಚರ್ಚೆ: ‘ಐಸ್ ಹಾಕಿ’ ಆಟಗಾರ್ತಿಗೆ ‘ವೃತ್ತಿಜೀವನ’ ಸರಿಯೇ?

ಹಾಸನದಿಂದ:

ಪ್ರೌಢಶಾಲೆಯ ಗೋಡೆಪತ್ರಿಕೆಗೆ, ಹೆಪ್ಪುಗಟ್ಟಿದ ನೀರಿನ ಮೇಲೆ ಆಡುವ ‘ಐಸ್ ಹಾಕಿ’ಯ ಆಟಗಾರ್ತಿ, ಕೆನಡಾದ ಹೇಲಿ ವಿಕೆನ್‌ಹೈಸರ್ ಬಗ್ಗೆ ಒಂದು ಪುಟದ ಬರಹ ಸಿದ್ಧವಾಗಬೇಕು. ಇಂಗ್ಲಿಷಿನಿಂದ ಯಂತ್ರ ಕನ್ನಡಿಸಿದ ಸಾಲು ಹೀಗಿದೆ:

“ತಮ್ಮ ವೃತ್ತಿಜೀವನದಲ್ಲಿ 276 ಪಂದ್ಯಗಳಲ್ಲಿ ಐಸ್ ಹಾಕಿ 168 ಗೋಲು, 211 ಸಹಾಯ ಮಾಡಿ 379 ಅಂಕಗಳಿಂದ ಗೆದ್ದರು. ಮಹಿಳೆಯರ ಪಂದ್ಯದಲ್ಲಿ ದೇಹ ತಪಾಸಣೆ ಇಲ್ಲ.”

ಇದರಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು? ಪಕ್, ಗೋಲಿ, ಲೈನ್, ಶಿಫ್ಟ್ ಎಂಬ ಪದಗಳಿಗೂ ಕನ್ನಡ ಬೇಕು. ಬಲ್ಲವರು ತಿಳಿಸಿ.

ಚಿಕ್ಕಮಗಳೂರಿನಿಂದ:

ಮೊದಲು ‘ಐಸ್ ಹಾಕಿ’. ಕಬ್ಬಿನಹಾಲಿನ ಗಾಡಿಯ ಮುಂದೆ ನಿಂತವರೆಲ್ಲ ಹೇಳುವ ಮಾತು ಅದು. ಬಿಡಿಸಿ ಬರೆದರೆ ವಿಕೆನ್‌ಹೈಸರ್ ಪಂದ್ಯಕ್ಕೊಮ್ಮೆ ಐಸ್ ಹಾಕಿ ಬಂದಂತೆ ಓದಿಸುತ್ತದೆ. ಕೂಡಿಸಿ ‘ಐಸ್‌ಹಾಕಿ’ ಎನ್ನಿ, ಸಾಧ್ಯವಾದಲ್ಲೆಲ್ಲ ವಿಭಕ್ತಿ ಹಚ್ಚಿ: ಐಸ್‌ಹಾಕಿಯ ಆಟಗಾರ್ತಿ, ಐಸ್‌ಹಾಕಿಯಲ್ಲಿ, ಐಸ್‌ಹಾಕಿಗೆ. ‘ಹಾಕು’ ಧಾತುವಿನಿಂದ ಬಂದ ‘ಹಾಕಿ’ಗೆ ವಿಭಕ್ತಿ ಅಂಟದು. ಹಾಗಾಗಿ ಪ್ರತ್ಯಯ ಬಂದ ಕೂಡಲೇ ಗೊಂದಲ ಮುಗಿಯುತ್ತದೆ. ‘ಮಂಜಿನ ಹಾಕಿ’ ಬೇಡವೇ ಬೇಡ. ಮುಳ್ಳಯ್ಯನಗಿರಿಯ ಮಗ್ಗುಲಲ್ಲಿ ಮಂಜು ಎಂದರೆ ಕಣ್ಣು ಕಟ್ಟುವಂಥದ್ದು, ಕಾಲೂರಿ ನಿಲ್ಲುವಂಥದ್ದಲ್ಲ.

ಪಕ್‌ಗೆ ‘ಬಿಲ್ಲೆ’ ಸಾಕು. 7.62 ಸೆಂ.ಮೀ. ಅಡ್ಡಳತೆ, 2.54 ಸೆಂ.ಮೀ. ದಪ್ಪ, 156ರಿಂದ 170 ಗ್ರಾಂ ತೂಕದ ಗಟ್ಟಿ ರಬ್ಬರ್ ತುಂಡು ಅದು. ‘ಚೆಂಡು’ ಎಂದರೆ ಉರುಳಬೇಕು, ಇದು ಜಾರುತ್ತದೆ. ಪಂದ್ಯಕ್ಕೆ ಮುಂಚೆ ಇದನ್ನು ತಣ್ಣಗೆ ಹೆಪ್ಪುಗಟ್ಟಿಸುತ್ತಾರೆ, ಏಕೆಂದರೆ ಬೆಚ್ಚಗಿನ ರಬ್ಬರ್ ಪುಟಿಯುತ್ತದೆ, ಪುಟಿದರೆ ಕೋಲಿನ ಹಿಡಿತಕ್ಕೆ ಸಿಗದು. ಕುಂಟೆಬಿಲ್ಲೆ ಆಡಿದ ಯಾವ ಹುಡುಗಿಗೂ ಬಿಲ್ಲೆ ದಬ್ಬುವುದೆಂದರೇನು ಎಂದು ವಿವರಿಸಬೇಕಿಲ್ಲ.

ಗೋಲು ಕಾಯುವವಳಿಗೆ ‘ಗೋಲಿ’ ಎಂದು ಬರೆಯಲೇಬೇಡಿ. ‘ಬಿಲ್ಲೆ ಗೋಲಿಗೆ ಬಡಿಯಿತು’ ಎಂದರೆ ಗೋಲಿನ ಬಲೆಗೋ, ಕಾಯುವವಳಿಗೋ, ಆಡುವ ಗೋಲಿಗೋ? ಗೋಲು, ಗೋಲಿ ಎರಡರ ಚತುರ್ಥಿಯೂ ‘ಗೋಲಿಗೆ’ಯೇ. ‘ಗೋಲ್‌ಕೀಪರ್’ ಎಲ್ಲರಿಗೂ ಗೊತ್ತಿರುವ ಪದ, ಅದೇ ಇರಲಿ. ಗೋಲ್‌ಕೀಪರ್‌ಗಳ ಲೆಕ್ಕ ಬರೆಯುವಲ್ಲಿ ಇನ್ನೊಂದು ಎಡವಟ್ಟಿದೆ. 1992ರಲ್ಲಿ ಮನೋನ್ ರೇಯೋಮ್ ಎಂಬಾಕೆ ಉತ್ತರ ಅಮೆರಿಕದ ಪುರುಷರ ಲೀಗು ಎನ್‌ಎಚ್‌ಎಲ್‌ನ ತಂಡವಾದ ಟ್ಯಾಂಪಾ ಬೇ ಲೈಟ್ನಿಂಗ್ ಪರ ಪ್ರದರ್ಶನ ಪಂದ್ಯದ ಒಂದು ಅವಧಿಗೆ ಗೋಲು ಕಾದರು. ಬಂದ ಹೊಡೆತ 9, ತಡೆದದ್ದು 7. ಇದನ್ನು ಅಲ್ಲಿ .778 ಎಂದು ಬರೆಯುತ್ತಾರೆ. ಕನ್ನಡದಲ್ಲಿ ‘ಶೇ 0.778’ ಎಂದಿಟ್ಟರೆ ನೂರರಲ್ಲಿ ಒಂದನ್ನೂ ತಡೆಯಲಿಲ್ಲ ಎಂದಾಗುತ್ತದೆ! ‘ಶೇ 77.8’ ಎನ್ನಿ, ಇಲ್ಲವೇ ‘9ರಲ್ಲಿ 7’ ಎನ್ನಿ, ಎರಡನೆಯದೇ ಚೆಂದ.

‘211 ಸಹಾಯ ಮಾಡಿ’ ಎಂಬುದು ದಾನಿಗಳ ಪಟ್ಟಿಯ ಭಾಷೆ. ಗೋಲು ಬೀಳುವ ಮುನ್ನ ಬಿಲ್ಲೆ ಮುಟ್ಟಿದ ಕೊನೆಯ ಇಬ್ಬರು ಸಹ ಆಟಗಾರ್ತಿಯರಿಗೆ, ನಡುವೆ ಎದುರಾಳಿಯ ವಶಕ್ಕೆ ಬಿಲ್ಲೆ ಹೋಗಿರದಿದ್ದರೆ, ತಲಾ ಒಂದು ‘ನೆರವು’ ಬರೆದುಕೊಳ್ಳುತ್ತಾರೆ. ಅಂದರೆ ಒಂದು ಗೋಲು ಮೂವರ ಖಾತೆಗೆ ಒಂದೊಂದು ಪಾಯಿಂಟ್ ತರಬಹುದು. 168ಕ್ಕೆ 211 ಕೂಡಿದರೆ 379 ಬರುವುದು ಹೀಗೆ. ಇದು ಆಕೆಯ ಲೆಕ್ಕ, ತಂಡ ಗೆದ್ದ ಅಂತರವಲ್ಲ. ‘ಅಂಕ’ವನ್ನು ತಂಡದ ಪಟ್ಟಿಗೆ ಬಿಟ್ಟು ಇಲ್ಲಿ ‘ಪಾಯಿಂಟ್’ ಇಟ್ಟುಕೊಂಡರೆ ತೊಡಕಿಲ್ಲ.

‘ದೇಹ ತಪಾಸಣೆ’ಗೆ ನಗಬೇಕೋ ಅಳಬೇಕೋ. ಬಾಡಿ ಚೆಕಿಂಗ್ ಎಂದರೆ ಬಿಲ್ಲೆ ಇಟ್ಟುಕೊಂಡವಳಿಗೆ ಭುಜದಿಂದಲೋ ಸೊಂಟದಿಂದಲೋ ಗುದ್ದಿ ಬಿಲ್ಲೆ ಬಿಡಿಸುವುದು. ‘ಮೈಗುದ್ದು’ ಎಂದರೆ ಆಟ ಕಣ್ಣಿಗೆ ಕಾಣುತ್ತದೆ. ‘ಮಹಿಳೆಯರ ಪಂದ್ಯದಲ್ಲಿ ಇಲ್ಲ’ ಎಂಬ ಸಾಲಿಗೂ ಕಾಲ ಸೇರಿಸಿ. 1990ರಲ್ಲಿ ಒಟ್ಟಾವಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದಕ್ಕೆ ಅವಕಾಶವಿತ್ತು, ಆಮೇಲೆ ತೆಗೆದರು. 2024ರಲ್ಲಿ ಶುರುವಾದ ಪಿಡಬ್ಲ್ಯುಎಚ್‌ಎಲ್ ಎಂಬ ಮಹಿಳೆಯರ ವೃತ್ತಿಪರ ಲೀಗ್ ಮಿತಿಯೊಳಗೆ ಮತ್ತೆ ಒಪ್ಪಿದೆ.

ಶಿಫ್ಟ್‌ಗೆ ‘ಪಾಳಿ’ ಎಂದರೆ ಎಂಟು ಗಂಟೆಯ ದುಡಿಮೆ ನೆನಪಾಗುತ್ತದೆ. ಇಲ್ಲಿ ಮುಕ್ಕಾಲು ನಿಮಿಷದ ಆಸುಪಾಸು ಓಡಿ ಬೆಂಚಿಗೆ ಮರಳುತ್ತಾರೆ. ‘ಸರದಿ’ ಸರಿ. ‘ಮೊದಲ ಲೈನ್’ ಎಂದರೆ ನಮ್ಮ ಕಡೆ ಎಸ್ಟೇಟಿನ ಕೂಲಿ ಲೈನು. ಜೊತೆಯಾಗಿ ಇಳಿದು ಜೊತೆಯಾಗಿ ಬದಲಾಗುವ ಮೂವರು ಫಾರ್ವರ್ಡ್‌ಗಳು ಅವರು, ‘ಮೊದಲ ಮೂವರು’ ಎಂದರಾಯಿತು. ‘ದ್ವಿತೀಯಾರ್ಧ’ ಬರೆದಿದ್ದರೆ ಹೊಡೆದುಹಾಕಿ. 20 ನಿಮಿಷದ ಮೂರು ಅವಧಿಗಳಲ್ಲಿ ಅರ್ಧ ಎಲ್ಲಿಂದ ಬರಬೇಕು?

ಹಾಸನದಿಂದ, ಇನ್ನೊಬ್ಬರು:

‘ವೃತ್ತಿಜೀವನ’ವನ್ನು ಯಾರೂ ಮುಟ್ಟಿಲ್ಲವಲ್ಲ. ನಮ್ಮ ಜಿಲ್ಲೆಯ ಹೊಯ್ಸಳ ಶಾಸನಗಳಲ್ಲಿ ‘ವೃತ್ತಿ’ ಎಂದರೆ ಅಗ್ರಹಾರದ ಭೂಮಿಯಲ್ಲಿ ಒಬ್ಬರ ಬದುಕಿಗೆ ಬಿಟ್ಟ ಪಾಲು. ಹೊಟ್ಟೆಪಾಡಿನ ಆ ನೆರಳು ಪದದಲ್ಲಿ ಇನ್ನೂ ಇದೆ. ಆದರೆ ಕೆನಡಾದ ಮಹಿಳಾ ಲೀಗು 2007ರಲ್ಲಿ ಶುರುವಾಗಿ ಆಟಗಾರ್ತಿಯರಿಗೆ ಭತ್ಯೆ ಕೊಡತೊಡಗಿದ್ದು 2017ರಲ್ಲಿ, ಮುಚ್ಚಿದ್ದು 2019ರಲ್ಲಿ. ಹತ್ತು ವರ್ಷ ಸಂಬಳವಿಲ್ಲದೆ ಆಡಿದವರದ್ದು ಯಾವ ವೃತ್ತಿ? ಇಡೀ ಹರವಿಗೆ ‘ಆಟದ ಬದುಕು’ ಎನ್ನಿ. ವಿಕೆನ್‌ಹೈಸರ್ 2003ರಲ್ಲಿ ಫಿನ್ಲೆಂಡಿನ ಪುರುಷರ ತಂಡ ಸಲಾಮತ್‌ಗೆ ಆಡಿದ ಭಾಗಕ್ಕೆ ‘ವೃತ್ತಿಪರ’ ಸಲ್ಲುತ್ತದೆ.

ಚಿಕ್ಕಮಗಳೂರಿನಿಂದ:

ಶಾಸನದ ಅರ್ಥ ಒಪ್ಪಿದೆ, ತೀರ್ಮಾನ ಒಪ್ಪಲಾರೆ. ಪತ್ರಿಕೆಗಳ ಕ್ರೀಡಾಪುಟದಲ್ಲಿ ‘ವೃತ್ತಿಬದುಕು’ ಈಗ ಮೊದಲ ಪಂದ್ಯದಿಂದ ನಿವೃತ್ತಿಯವರೆಗಿನ ಕಾಲ ಅಷ್ಟೆ. ದುಡ್ಡಿನ ಮಾತು ಮುಖ್ಯವಾದರೆ ಅದನ್ನು ಪ್ರತ್ಯೇಕ ವಾಕ್ಯದಲ್ಲಿ ಹೇಳಿ, ಪದದೊಳಗೆ ತುರುಕಬೇಡಿ.

ಹಾಸನದಿಂದ (ಕೇಳಿದವರು):

ಇಬ್ಬರಿಗೂ ವಂದನೆ. ಸಾಲು ಈಗ ಹೀಗಿದೆ: “ವಿಕೆನ್‌ಹೈಸರ್ ಐಸ್‌ಹಾಕಿಯಲ್ಲಿ ಕೆನಡಾ ಪರ 276 ಪಂದ್ಯ ಆಡಿದರು. 168 ಗೋಲು ತಾವೇ ಹೊಡೆದರು, ಇನ್ನೂ 211 ಗೋಲುಗಳಲ್ಲಿ ನೆರವಾದರು. 2002ರಿಂದ 2014ರವರೆಗಿನ ನಾಲ್ಕೂ ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಅವರ ತಂಡಕ್ಕೆ ಚಿನ್ನ.” ವೃತ್ತಿಯ ಜಗಳ ಇದರಲ್ಲಿ ತಾನಾಗಿ ತಪ್ಪಿತು.

ಇನ್ನೊಂದೇ ಪದ ಬಾಕಿ. ರೆಫ್ರಿ ಇಬ್ಬರ ನಡುವೆ ಬಿಲ್ಲೆ ಬೀಳಿಸಿ ಆಟ ಶುರು ಮಾಡುವ ‘ಫೇಸ್ ಆಫ್’. ‘ಮುಖಾಮುಖಿ’ ಎಂದರೆ ಎರಡು ತಂಡಗಳ ಪಂದ್ಯವೆಂದೇ ಓದುತ್ತಾರೆ. ಬೇರೆ ಏನಾದರೂ ಇದೆಯೇ?